ರಕ್ಷಣಾ ಆದೇಶ ಮತ್ತು ಕಾಡಂಚಿನ ಮನೆ

ಗಂಡನನ್ನು ಜೈಲಿಗೆ ಅಟ್ಟದೆಯೂ ಹೊಡೆತ ನಿಲ್ಲಿಸಬಹುದು ಎಂಬ ಭರವಸೆಯೇ 2005ರ ಕೌಟುಂಬಿಕ ದೌರ್ಜನ್ಯ ತಡೆ ಕಾಯ್ದೆಯ ಹೆಚ್ಚುಗಾರಿಕೆ. 18ನೇ ಕಲಂ ರಕ್ಷಣಾ ಆದೇಶ ಕೊಡುತ್ತದೆ, 19ನೆಯದು ವಾಸದ ಆದೇಶ. ರಕ್ಷಣಾ ಆದೇಶವನ್ನು ಮೀರಿದರೆ ಮಾತ್ರ 31ನೇ ಕಲಂ: ಒಂದು ವರ್ಷದವರೆಗೆ ಸೆರೆ ಅಥವಾ 20,000 ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ.

ಉತ್ತರ ಕನ್ನಡದ ಮುಂಡಗೋಡ, ಹಳಿಯಾಳ, ಜೋಯಿಡಾದ ಕಾಡಂಚಿನಲ್ಲಿ ಮೊದಲು ರಕ್ಷಣೆ, ಆಮೇಲೆ ಶಿಕ್ಷೆ ಎಂಬ ಈ ಕ್ರಮ ತಲೆಕೆಳಗಾಗುತ್ತದೆ. 2003ರಲ್ಲಿ ಪರಿಶಿಷ್ಟ ಪಂಗಡಕ್ಕೆ ಸೇರಿದ ಸಿದ್ದಿಯರಿಗೂ, ಇನ್ನೂ ಸೇರದ ಗೌಳಿಗರಿಗೂ ಸರ್ಕಾರವೆಂದರೆ ಮೊದಲು ಕಾಣುವುದು ಖಾಕಿ: ಅತಿಕ್ರಮಣದ ಕೇಸು, ಕಟ್ಟಿಗೆಯ ಕೇಸು. ಹತ್ತಿರದ ಹುಬ್ಬಳ್ಳಿಯಲ್ಲಿ ಬ್ರಿಟಿಷರು ‘ಅಪರಾಧಿ ಬುಡಕಟ್ಟು’ಗಳನ್ನು ಕೂಡಿಹಾಕಿದ ಸೆಟ್ಲಮೆಂಟ್ ಇತ್ತು. ಅದಕ್ಕೆ ಆಧಾರವಾದ ಅಪರಾಧಿ ಬುಡಕಟ್ಟು ಕಾಯ್ದೆ 1952ರಲ್ಲಿ ರದ್ದಾಯಿತು, ಗುಮಾನಿ ರದ್ದಾಗಲಿಲ್ಲ. ಇಂಥ ಕಡೆ ಏಟು ತಿಂದವಳು ದೂರು ಕೊಡುವ ಮೊದಲು ಗಂಡನ ಜೊತೆಗೆ ಇಡೀ ಕೇರಿಯ ಮೇಲೆ ಬೀಳುವ ಕಣ್ಣನ್ನೂ ಲೆಕ್ಕ ಹಾಕುತ್ತಾಳೆ.

ಠಾಣೆಗೆ ಹೋಗದೆಯೂ ದೂರು ಹೇಳಲು ಕಾಯ್ದೆ ಕೊಟ್ಟಿರುವ ದಾರಿ ಸಂರಕ್ಷಣಾಧಿಕಾರಿ. ಅವರು ತುಂಬುವ ದೌರ್ಜನ್ಯದ ವರದಿ, ನಮೂನೆ-1 ನೋಡಿ. ಹೊಡೆದದ್ದು, ಬೈದದ್ದು, ಖರ್ಚಿಗೆ ಕೊಡದಿದ್ದದ್ದು, ಮನೆಯಿಂದ ಹೊರಹಾಕಿದ್ದು, ಬಟ್ಟೆ ಸಾಮಾನು ಮುಟ್ಟಗೊಡದಿದ್ದದ್ದು, ಎಲ್ಲಕ್ಕೂ ಅದರಲ್ಲಿ ಜಾಗವಿದೆ. ಇಷ್ಟು ಸೂಕ್ಷ್ಮವಾದ ಹಾಳೆಯನ್ನು ನಮ್ಮ ರಾಜ್ಯದ ತಾಲೂಕುಗಳಲ್ಲಿ ಒಪ್ಪಿಸಿರುವುದು ಅಂಗನವಾಡಿಗಳ ಹೊರೆ ಹೊತ್ತ ಶಿಶು ಅಭಿವೃದ್ಧಿ ಯೋಜನಾಧಿಕಾರಿಗಳಿಗೆ (ಸಿಡಿಪಿಒ). ಅವರು ಕೈಗೆ ಸಿಗದ ದಿನ ಉಳಿಯುವುದು ಠಾಣೆಯೊಂದೇ. ಆಸ್ಟ್ರೇಲಿಯಾದಲ್ಲಿ ಏಟು ತಿಂದ ಮೂಲನಿವಾಸಿ ಹೆಣ್ಣನ್ನೇ ಪೊಲೀಸರು ಪ್ರತಿವಾದಿಯೆಂದು ತಪ್ಪಾಗಿ ಬರೆದುಕೊಂಡು, ಮುಂದೆ ಆದೇಶ ಮೀರಿದಳೆಂದು ಬಂಧಿಸಿದ್ದುಂಟು. ಎಲ್ಲವನ್ನೂ ಠಾಣೆಗೆ ಬಿಟ್ಟರೆ ಆಗುವುದು ಇದೇ.

ಮುಂಡಗೋಡದ ಟಿಬೆಟನ್ ಕಾಲೊನಿಯ ಹೆದರಿಕೆ ಬೇರೆ. ಕಾಯ್ದೆ ಪೌರತ್ವ ಕೇಳುವುದಿಲ್ಲ. 27ನೇ ಕಲಂ ಪ್ರಕಾರ ತಾತ್ಕಾಲಿಕವಾಗಿ ಇರುವವಳೂ ಇಲ್ಲಿಯ ಮ್ಯಾಜಿಸ್ಟ್ರೇಟರ ಮುಂದೆ ಹೋಗಬಹುದು. ಆದರೆ 1966ರಲ್ಲಿ ನೆಲೆಯಾದ ಈ ಕಾಲೊನಿಯಲ್ಲಿ ಹೆಚ್ಚಿನವರ ಕೈಯಲ್ಲಿ ಈಗಲೂ ಇರುವುದು ವಿದೇಶಿಯರ ನೋಂದಣಿ ಪತ್ರ, ಆರ್‌ಸಿ. ಅದರ ನವೀಕರಣಕ್ಕೂ ಪೊಲೀಸ್ ಇಲಾಖೆಗೇ ಹೋಗಬೇಕಾದಾಗ ಗಂಡನ ಮೇಲೆ ದೂರು ಕೊಡಲು ಎಷ್ಟು ಗಟ್ಟಿ ಮನಸ್ಸು ಬೇಕು!

ಹಾಗೆಂದು ಹಿರಿಯರ ರಾಜಿಯೇ ಸಾಕು ಎಂಬ ಮಾತನ್ನು ನಾನು ಒಪ್ಪಲಾರೆ. ರಾಜಿಯಾದ ಮೇಲೆ ಅದೇ ಮನೆಗೆ, ಅದೇ ಕೈಗೆ ಮರಳುವವಳು ಅವಳೇ. 31ನೇ ಕಲಂ ಇರಲೇಬೇಕು. ಆದರೆ ಅದಕ್ಕಿಂತ ಮೊದಲು 17ನೇ ಕಲಂ ಜೀವ ಪಡೆಯಬೇಕು: ಮನೆ ಯಾರ ಹೆಸರಿನಲ್ಲಿದ್ದರೂ ಅಲ್ಲಿರಲು ಅವಳಿಗೆ ಹಕ್ಕಿದೆ. 2006ರ ಅರಣ್ಯ ಹಕ್ಕು ಕಾಯ್ದೆಯ 4(4) ಕೂಡ ಹಕ್ಕುಪತ್ರದಲ್ಲಿ ಗಂಡ ಹೆಂಡತಿ ಇಬ್ಬರ ಹೆಸರೂ ಇರಬೇಕೆನ್ನುತ್ತದೆ. ಉತ್ತರ ಕನ್ನಡದಲ್ಲಿ ತಿರಸ್ಕೃತವಾಗಿ ಬಿದ್ದಿರುವ ಅರಣ್ಯ ಹಕ್ಕಿನ ಅರ್ಜಿಗಳನ್ನು ಮತ್ತೆ ತೆರೆಯುವುದೂ, ಬೇರೆ ಹೊಣೆಯಿಲ್ಲದ ಸಂರಕ್ಷಣಾಧಿಕಾರಿಯನ್ನು ತಾಲೂಕಿಗೊಬ್ಬರಂತೆ ನೇಮಿಸುವುದೂ ಸರ್ಕಾರ ಮೊದಲು ಮಾಡಬೇಕಾದ ಕೆಲಸ.