ಮೈ ಹೊರುವುದು, ಸಾಮಾನು ಹೊರುವುದು

ಬೆಂಗಳೂರಿನ ಬಾಡಿಗೆ ಮನೆಗಳಲ್ಲಿ ಹಾಲ್ ಅಂದರೆ ಎಷ್ಟೋ ಕಡೆ 10 ಅಡಿಗೆ 12 ಅಡಿ, ಒಟ್ಟು 120 ಚದರಡಿ. ಅಂಗಡಿಯವರು ‘ಸೆಟ್’ ಎಂದು ಮಾರುವ ಸೋಫಾವನ್ನು ಈ ಜಾಗದಲ್ಲಿ ಇಟ್ಟು ನೋಡೋಣ. ಮೂವರು ಕೂರುವ ಸೋಫಾ 80 ಇಂಚು ಉದ್ದ, 34 ಇಂಚು ಆಳ ಎಂದರೂ ಸುಮಾರು 19 ಚದರಡಿ. ಒಬ್ಬೊಬ್ಬರು ಕೂರುವ ಎರಡಕ್ಕೆ ಇನ್ನೊಂದು 17. ನಡುವಿನ ಟೀಪಾಯಿಗೆ 8, ಟಿವಿ ಯೂನಿಟ್ಟಿಗೆ ಏಳೆಂಟು. ಒಬ್ಬರೂ ಒಳಗೆ ಕಾಲಿಡುವ ಮೊದಲೇ 50 ಚದರಡಿ ಖರ್ಚಾಯಿತು. ಕಾಲು ಚಾಚಲು, ಬಾಗಿಲು ತೆರೆಯಲು, ಅಡುಗೆಮನೆಗೆ ಹೋಗಿಬರಲು ಉಳಿದದ್ದರಲ್ಲೇ ದಾರಿ ಹುಡುಕಬೇಕು. ಇಂಥ ಸೆಟ್ಟು ಅಂಗಡಿಯಲ್ಲಿ ಚಿಕ್ಕದಾಗಿ ಕಂಡಿರುತ್ತದೆ, ಏಕೆಂದರೆ ಅಲ್ಲಿನ ಸೂರು 15 ಅಡಿ ಎತ್ತರದ್ದು. ಅದರ ಅಳತೆ ಕೂರುವವರ ಮೈಗೆ ಹೊಂದಿದ್ದಲ್ಲ, ಮಾರುವವರ ಮಳಿಗೆಗೆ ಹೊಂದಿದ್ದು.

ನಮ್ಮ ಹಳೆಯ ಮನೆಗಳ ನಡುಮನೆಯೂ ದೊಡ್ಡದೇನಿರಲಿಲ್ಲ. ಆದರೂ ಹತ್ತು ಜನ ಉಂಡು ಮಲಗುತ್ತಿದ್ದರು. ಚಾಪೆ ಸುರುಳಿಯಾಗಿ ಮೂಲೆ ಸೇರುತ್ತಿತ್ತು, ಮಣೆ ಗೋಡೆಗೆ ಒರಗುತ್ತಿತ್ತು, ದೀಪಕ್ಕೆ, ಪಂಚಾಂಗಕ್ಕೆ, ಕನ್ನಡಕಕ್ಕೆ ಗೋಡೆಯಲ್ಲೇ ಗೂಡುಗಳಿದ್ದವು. ಹಳೆಯದೆಲ್ಲ ಚೆನ್ನ ಎಂಬ ಹಾಡು ಹಾಡಲು ನಾನು ಹೊರಟಿಲ್ಲ. ನೆಲದ ಮೇಲೆ ಕೂತು ಏಳುವುದು ಮೊಣಕಾಲು ನೋವಿನವರಿಗೆ ಶಿಕ್ಷೆ, ಅತ್ತೆ-ಮಾವ ಬಂದಾಗ ಕುರ್ಚಿ ಬೇಕೇ ಬೇಕು. ಆ ನಡುಮನೆಯಿಂದ ನಾನು ತೆಗೆದುಕೊಳ್ಳುವುದು ಒಂದೇ ಸಂಗತಿ: ಮನುಷ್ಯರನ್ನು ಹೊರುವ ವಸ್ತು ಬೇರೆ, ಸಾಮಾನನ್ನು ಹೊರುವ ವಸ್ತು ಬೇರೆ, ಅವೆರಡಕ್ಕೂ ಬೇಕಾದ ಕೆಲಸಗಾರಿಕೆಯೂ ಬೇರೆ. ಸಣ್ಣ ಹಾಲನ್ನು ಕಡಿಮೆ ದುಡ್ಡಿನಲ್ಲಿ ಸಜ್ಜುಗೊಳಿಸುವವರಿಗೆ ಈ ಅಂಕಣದ ಸಲಹೆ ಇದೇ ವಿಂಗಡಣೆಯ ಮೇಲೆ ನಿಂತಿದೆ. ಮೈ ಹೊರುವುದನ್ನು, ಅಂದರೆ ಕುರ್ಚಿ, ಬೆಂಚು, ದಿವಾನ್‌ಗಳನ್ನು ಸೆಕೆಂಡ್ ಹ್ಯಾಂಡ್ ಕೊಳ್ಳಿ. ಸಾಮಾನು ಹೊರುವ ಶೆಲ್ಫು, ಚಪ್ಪಲಿ ಸ್ಟ್ಯಾಂಡುಗಳನ್ನು ನೀವೇ ಮಾಡಿ. ಜನ ಸಾಮಾನ್ಯವಾಗಿ ಇದನ್ನು ಉಲ್ಟಾ ಮಾಡುತ್ತಾರೆ. ಸೋಫಾ ಹೊಸದು ತರುತ್ತಾರೆ, ಉತ್ಸಾಹ ಬಂದಾಗ ಸ್ಟೂಲು ಮಾಡಲು ಕೂರುತ್ತಾರೆ.

ಕುರ್ಚಿ ಏಕೆ ಕಷ್ಟ? ಶೆಲ್ಫಿನ ಮೇಲಿಟ್ಟ ಪುಸ್ತಕ ನೇರ ಕೆಳಗೆ ಭಾರ ಹಾಕಿ ಸುಮ್ಮನಿರುತ್ತದೆ. ಮನುಷ್ಯ ಸುಮ್ಮನಿರುವುದಿಲ್ಲ. ಒರಗುತ್ತಾನೆ, ಹೊರಳುತ್ತಾನೆ, ಕುರ್ಚಿಯನ್ನು ಹಿಂದಿನ ಎರಡು ಕಾಲಿನ ಮೇಲೆ ನಿಲ್ಲಿಸಿ ಫೋನಿನಲ್ಲಿ ಮಾತಾಡುತ್ತಾನೆ. ಬೆನ್ನು ಒರಗುವ ಜಾಗ ಸೀಟಿನಿಂದ 15 ಇಂಚು ಮೇಲಿದ್ದು, ಅದನ್ನು ತಡೆಯಬೇಕಾದ ಜಾಯಿಂಟಿನ ಎತ್ತರ ಎರಡೂವರೆ ಇಂಚು ಎಂದಿಟ್ಟುಕೊಳ್ಳಿ. ಸನ್ನೆಗೋಲಿನ ಲೆಕ್ಕದಲ್ಲಿ ಒರಗಿದ ಬಲ ಅಲ್ಲಿ ಸುಮಾರು ಆರು ಪಟ್ಟಾಗಿ ಕೀಳುತ್ತದೆ, ಅದೂ ದಿನಕ್ಕೆ ನೂರು ಸಲ. ಒಂದು ಮರದ ತುದಿಯನ್ನು ನಾಲಿಗೆಯಂತೆ ಕೆತ್ತಿ, ಇನ್ನೊಂದರಲ್ಲಿ ಅಷ್ಟೇ ಅಳತೆಯ ತೂತು ಕೊರೆದು, ಗಾಳಿಯೂ ಆಡದಂತೆ ಕೂರಿಸುವ ಆಚಾರ್ರ ಕೆಲಸ ಈ ಎಳೆತಕ್ಕೆಂದೇ ಹುಟ್ಟಿದ್ದು. ಆ ಕೈ ಒಂದು ಭಾನುವಾರದಲ್ಲಿ ಬರುವುದಿಲ್ಲ. ಹೊಸ ಅಗ್ಗದ ಕುರ್ಚಿಯಲ್ಲಿ ಆ ಕೆಲಸವನ್ನು ಸ್ಕ್ರೂಗೆ ವಹಿಸಿರುತ್ತಾರೆ, ಅದೂ ಮರದ ಪುಡಿಯನ್ನು ಅಂಟಿನಲ್ಲಿ ಒತ್ತಿ ಮಾಡಿದ ಪಾರ್ಟಿಕಲ್ ಬೋರ್ಡಿನೊಳಗೆ. ಎಳೆ ಇಲ್ಲದ ಹಲಗೆಯಲ್ಲಿ ಸ್ಕ್ರೂ ಕಚ್ಚಿ ಹಿಡಿಯಲು ಏನೂ ಇರುವುದಿಲ್ಲ. ಅಲ್ಲಾಡಿದಷ್ಟೂ ತೂತು ದೊಡ್ಡದಾಗುತ್ತದೆ.

ಒಳ್ಳೆಯ ಕುರ್ಚಿ ದಪ್ಪಗಿರಬೇಕೆಂದೇನಿಲ್ಲ. ವಿಯೆನ್ನಾದ ಮೈಕೆಲ್ ಟೋನೆಟ್ 1859ರಲ್ಲಿ ತಂದ 14ನೇ ನಂಬರಿನ ಕುರ್ಚಿಯಲ್ಲಿ ಇದ್ದದ್ದು ಆರು ಮರದ ತುಂಡು, ಹತ್ತು ಸ್ಕ್ರೂ, ಎರಡು ನಟ್ಟು. ಹಬೆಯಲ್ಲಿ ಬಾಗಿಸಿದ ಒಂದೇ ಕೋಲು ಹಿಂಗಾಲೂ ಆಗಿ ಬೆನ್ನೂ ಆಗಿರುವುದರಿಂದ, ಕೀಳಬೇಕಾದ ಜಾಗದಲ್ಲಿ ಜಾಯಿಂಟೇ ಇಲ್ಲ. ಮುಂಬೈ, ಪುಣೆಗಳ ಇರಾನಿ ಹೋಟೆಲುಗಳಲ್ಲಿ ಕೂತವರು ಈ ಜಾತಿಯ ಕುರ್ಚಿಯ ಮೇಲೇ ಚಹಾ ಕುಡಿದಿರುತ್ತಾರೆ. ಸಣ್ಣ ಹಾಲಿಗೆ ಇದರಿಂದ ಇನ್ನೊಂದು ಲಾಭವಿದೆ. ಅದರೊಳಗಿಂದ ಗೋಡೆ, ನೆಲ ಕಾಣುತ್ತವೆ, ಕಣ್ಣಿಗೆ ಅಡ್ಡ ಬರುವುದಿಲ್ಲ. ಬೆತ್ತದ ಬೆನ್ನಿನ ಕುರ್ಚಿಗಳದ್ದೂ ಇದೇ ಗುಣ. ಚಂಡೀಗಢದ ಸರ್ಕಾರಿ ಕಚೇರಿಗಳಿಗೆ 1950ರ ದಶಕದಲ್ಲಿ ಪಿಯೆರ್ ಜನ್ನೆರೆ ರೂಪಿಸಿದ ತೇಗ-ಬೆತ್ತದ ಕುರ್ಚಿಯನ್ನೂ ಇಲ್ಲಿ ನೆನೆಯಬೇಕು. ಅದರ ಮುಂಗಾಲು-ಹಿಂಗಾಲುಗಳು ತಲೆಕೆಳಗಾದ ‘ವಿ’ ಆಕಾರದಲ್ಲಿ ಸೇರುತ್ತವೆ, ತ್ರಿಕೋನ ವಾಲುವುದಿಲ್ಲ. ಕಾಲ ಬಂದಾಗ ಕಚೇರಿಗಳು ಅವನ್ನು ಗುಜರಿಯೆಂದು ಹರಾಜು ಹಾಕಿದವು, ವಿದೇಶಿ ವ್ಯಾಪಾರಿಗಳು ಕೊಂಡೊಯ್ದು ಲಕ್ಷಗಟ್ಟಲೆ ರೂಪಾಯಿಗೆ ಮಾರಿದರು, ಕೊನೆಗೆ 2011ರಲ್ಲಿ ಅವು ದೇಶ ಬಿಟ್ಟು ಹೋಗದಂತೆ ಕೇಂದ್ರ ಗೃಹ ಸಚಿವಾಲಯ ಆದೇಶ ಹೊರಡಿಸಬೇಕಾಯಿತು. ಶಿವಾಜಿನಗರದ ಹಳೇ ಸಾಮಾನಿನ ಅಂಗಡಿಯಲ್ಲೋ ಬಿವಿಕೆ ಅಯ್ಯಂಗಾರ್ ರಸ್ತೆಯ ಆಸುಪಾಸಿನ ಸಂಡೆ ಬಜಾರಿನಲ್ಲೋ ಅಂಥ ನಿಧಿ ಸಿಗುತ್ತದೆಂದು ನಾನು ಆಸೆ ತೋರಿಸುತ್ತಿಲ್ಲ. ಆದರೆ ಹಳೆಯ ಕಚೇರಿ, ಶಾಲೆ, ಕೆಡವಿದ ಬಂಗಲೆಗಳಿಂದ ಬರುವ ಸಾಧಾರಣ ಕುರ್ಚಿಯಲ್ಲೂ ಅದೇ ತೇಗವಿರುತ್ತದೆ, ಅದೇ ಬಗೆಯ ಜಾಯಿಂಟ್ ಇರುತ್ತದೆ. ಮಾರುವವನು ಅದನ್ನು ಹಳೇ ಕುರ್ಚಿಯ ಬೆಲೆಗೆ ಕೊಡುತ್ತಾನೆ, ತೇಗದ ಬೆಲೆಗಲ್ಲ.

ನೋಡುವಾಗ ಮೇಲಿನ ಹೊಳಪಿಗೆ ಮರುಳಾಗದೆ ಕುರ್ಚಿಯನ್ನು ತಲೆಕೆಳಗು ಮಾಡಿ. ಪಾಲಿಶ್ ಕಾಣದ ಅಡಿಭಾಗದಲ್ಲಿ ಮರದ ನಿಜವಾದ ಬಣ್ಣ ಕಾಣುತ್ತದೆ. ಕಂದು ಬಣ್ಣದ ಚೇಗಿನಲ್ಲಿ, ಅಂದರೆ ಮರದ ಗಟ್ಟಿ ಒಳಭಾಗದಲ್ಲಿ, ಎಣ್ಣೆಯಂಶ ಇರುವುದರಿಂದ ತೇಗಕ್ಕೆ ಗೆದ್ದಲು ಸುಲಭವಾಗಿ ಬಾಯಿ ಹಾಕುವುದಿಲ್ಲ. ಬೆಳ್ಳಗಿನ ಹೊರಭಾಗಕ್ಕೆ ಆ ರಕ್ಷಣೆಯಿಲ್ಲ, ಹುಳು ಹಿಡಿಯುವುದು ಅಲ್ಲೇ. ಸೂಜಿಮೊನೆಯಂಥ ತೂತುಗಳಿದ್ದರೆ ಹೆದರಿ ಓಡಬೇಡಿ. ಕುರ್ಚಿಯನ್ನು ಕುಟ್ಟಿ ನೋಡಿ, ಪೌಡರಿನಂಥ ತಿಳಿಬಣ್ಣದ ಹಿಟ್ಟು ಉದುರಿದರೆ ಹುಳು ಇನ್ನೂ ಒಳಗಿದೆ. ತೂತಿನ ಬಾಯಿ ಕಪ್ಪಾಗಿ, ಏನೂ ಉದುರದಿದ್ದರೆ ಅದು ಎಂದೋ ಹೋಗಿರಬಹುದು. ಕಬ್ಬಿಣದ ಎಲ್ ಪಟ್ಟಿ ಹೊಡೆದು ರಿಪೇರಿ ಮಾಡಿದ್ದನ್ನು ಮಾತ್ರ ಬಿಟ್ಟುಬಿಡಿ, ಅಲ್ಲಿ ಜಾಯಿಂಟ್ ಸತ್ತಿದೆ. ಬರೀ ಅಲ್ಲಾಡುವ ಕುರ್ಚಿಗೆ ಹೆದರಬೇಕಿಲ್ಲ. ಹಳೆಯ ಕಾಲದವರು ಬಳಸಿದ, ಚರ್ಮ-ಮೂಳೆ ಬೇಯಿಸಿ ಮಾಡಿದ ಅಂಟು ಬಿಸಿಗೆ ಸಡಿಲವಾಗುತ್ತದೆ. ಕುರ್ಚಿಯನ್ನು ಪೂರ್ತಿ ಬಿಚ್ಚಿ, ಕೆರೆದು, ಹೊಸ ಅಂಟು ಹಾಕಿ, ಹಗ್ಗ ಬಿಗಿದು ಒಂದು ದಿನ ಬಿಟ್ಟರೆ ಮತ್ತೆ ಮೊದಲಿನಂತೆ ನಿಲ್ಲುತ್ತದೆ. ಹರಿದ ಬೆತ್ತವನ್ನು ಮತ್ತೆ ಹೆಣೆಸಬಹುದು. ಅರಗನ್ನು ಸ್ಪಿರಿಟಿನಲ್ಲಿ ಕರಗಿಸಿ ಹಚ್ಚುವ ಹಳೇ ಪಾಲಿಶಿನದ್ದೂ ಇದೇ ಸ್ವಭಾವ. ಹೊಸ ಕೋಟು ಹಳೆಯದನ್ನು ಕರಗಿಸಿಕೊಂಡೇ ಕೂರುತ್ತದೆ, ಬುಡದವರೆಗೆ ಉಜ್ಜಿ ತೆಗೆಯಬೇಕಿಲ್ಲ. ಬಿಚ್ಚಿ ಕಟ್ಟಬಹುದಾದದ್ದನ್ನೇ ನಾನು ಒಳ್ಳೆಯ ಸೆಕೆಂಡ್ ಹ್ಯಾಂಡ್ ಎನ್ನುವುದು. ಕೈಪಟ್ಟಿಯ ಮೇಲೆ ಕಾಲು ಚಾಚುವ ಎಸ್ಟೇಟ್ ಬಂಗಲೆಯ ಆರಾಮ ಕುರ್ಚಿ ಎಷ್ಟೇ ಚೆಲುವಾಗಿದ್ದರೂ ನಿಮ್ಮದಲ್ಲ. ಒಬ್ಬರು ಮಲಗಿದರೆ ಮೂವರು ಎದ್ದು ನಿಲ್ಲಬೇಕಾಗುತ್ತದೆ.

‘ತಿಗಣೆ ಬಂದರೆ?’ ಎನ್ನುವವರ ಮಾತನ್ನು ತಳ್ಳಿಹಾಕುವಂತಿಲ್ಲ. ರಕ್ತ ಸಿಗದಿದ್ದರೂ ತಿಂಗಳುಗಟ್ಟಲೆ ಬದುಕುವ ಜೀವಿ ಅದು. ಅದಕ್ಕೇ ಸ್ಪಂಜು, ಬಟ್ಟೆ, ಹತ್ತಿ ತುಂಬಿದ್ದೇನನ್ನೂ ಹಳೆಯದು ತರಬೇಡಿ, ಪುಕ್ಕಟೆ ಕೊಟ್ಟರೂ ಬೇಡ. ಮರ, ಬೆತ್ತ, ಕಬ್ಬಿಣ ಮಾತ್ರ ಹೊಸ್ತಿಲು ದಾಟಲಿ. ಸಂದುಗಳಲ್ಲಿ ಕರಿ ಚುಕ್ಕೆಗಳಿವೆಯೇ ನೋಡಿ, ಅನುಮಾನವಿದ್ದರೆ ಪಾಲಿಶಿಗೆ ಮುಂಚೆ ಕುದಿಯುವ ನೀರು ಹುಯ್ಯಿರಿ. ಬಿಸಿಲಿಗಿಡುವ ಅಜ್ಜಿ ಉಪಾಯ ಇಲ್ಲಿ ಸಾಲದು, ಸಂದಿನೊಳಗಿನ ಬಿಸಿ ಬಹಳ ಸಲ ಅವು ಸಾಯುವಷ್ಟು ಏರುವುದಿಲ್ಲ. ದಿಂಬು, ಹಾಸನ್ನು ನಿಮ್ಮ ಅಳತೆಗೆ ಹೊಸದಾಗಿ ಹೊಲಿಸಿಕೊಳ್ಳಿ. ಯಾರದ್ದೋ ಮನೆಯ ದರಿದ್ರ ನಮ್ಮ ಮನೆಗೇಕೆ ಎಂಬ ಇನ್ನೊಂದು ಆಕ್ಷೇಪ ಇದೆ. ಅದಕ್ಕೆ ತರ್ಕದ ಉತ್ತರ ಕೊಡುವುದು ದಂಡ. ಆದರೆ ಅದೇ ಜನ ಬಾಡಿಗೆ ಮನೆಯಲ್ಲಿ ಯಾರು ಯಾರೋ ಬಾಳಿ ಬಿಟ್ಟುಹೋದ ಗೋಡೆಗಳ ನಡುವೆ ಹಾಲುಕ್ಕಿಸಿ ನೆಮ್ಮದಿಯಾಗಿರುತ್ತಾರೆ. ಕುರ್ಚಿಗೂ ಅಷ್ಟು ಔದಾರ್ಯ ತೋರಿಸಬಹುದು.

ಇನ್ನು ಸಾಮಾನು ಹೊರುವುದರ ಮಾತು. ಇಟಲಿಯ ವಿನ್ಯಾಸಕಾರ ಎಂಜೊ ಮಾರಿ 1974ರಲ್ಲಿ, ಬರೀ ಹಲಗೆ ಮತ್ತು ಮೊಳೆಯಿಂದ ಯಾರು ಬೇಕಾದರೂ ಮಾಡಿಕೊಳ್ಳಬಹುದಾದ 19 ಪೀಠೋಪಕರಣಗಳ ನಕ್ಷೆಯನ್ನು ಅಂಚೆ ವೆಚ್ಚ ಕಳಿಸಿದವರಿಗೆಲ್ಲ ಹಂಚಿದರು. ಅದರಲ್ಲಿ ಕುರ್ಚಿಯೂ ಇತ್ತಲ್ಲ ಎಂದು ಬಲ್ಲವರು ನನ್ನನ್ನು ಹಿಡಿಯಬಹುದು. ಇತ್ತು, ನಿಲ್ಲುತ್ತಿತ್ತು ಕೂಡ. ಆದರೆ ಮೊಳೆ ಮಾಡಲಾಗದ ಕೆಲಸವನ್ನು ಅಲ್ಲಿ ಓರೆ ಪಟ್ಟಿಗಳು, ಅಡ್ಡ ಪಟ್ಟಿಗಳು ಮಾಡುತ್ತವೆ, ಹಾಗಾಗಿ ಅದು ದಪ್ಪ, ಒರಟು, ಜಾಗ ತಿನ್ನುವ ಕುರ್ಚಿ. ಸಾಮಾನು ಹೊರುವ ಪ್ಯಾಲೆಟ್ಟುಗಳನ್ನು ಜೋಡಿಸಿ ಸೋಫಾ ಮಾಡುವ ಈಚಿನ ಖಯಾಲಿಗೆ ಅಷ್ಟು ಮರ್ಯಾದೆಯನ್ನೂ ಕೊಡಲಾರೆ. ಪ್ಯಾಲೆಟ್ಟಿನ ಸಾಮಾನ್ಯ ಅಳತೆ 1200 ಮಿ.ಮೀ.ಗೆ 1000 ಮಿ.ಮೀ., ಅಂದರೆ ಸುಮಾರು 40 ಇಂಚು ಆಳ. ಹತ್ತಡಿ ಅಗಲದ ಹಾಲಿನಲ್ಲಿ ಸರಿಯಾಗಿ ಮೂರನೇ ಒಂದು ಭಾಗ. ಕೂರುವವನಿಗೆ ಬೇಕಾದದ್ದು 18 ಇಂಚು. ಹಡಗಿನಲ್ಲಿ ಬಂದ ಪ್ಯಾಲೆಟ್ಟಿನ ಮೇಲೆ ‘ಎಂಬಿ’ ಎಂಬ ಮುದ್ರೆಯಿದ್ದರೆ ಅದಕ್ಕೆ ಮೀಥೈಲ್ ಬ್ರೋಮೈಡ್ ಎಂಬ ವಿಷಾನಿಲದ ಹೊಗೆ ಕೊಟ್ಟಿದ್ದಾರೆ ಎಂದರ್ಥ, ‘ಎಚ್‌ಟಿ’ ಎಂದಿದ್ದರೆ ಬಿಸಿ ಮಾಡಿದ್ದು. ಇಷ್ಟೆಲ್ಲ ಓದಿ ನೋಡುವ ತಾಳ್ಮೆ ಇರುವವರು ಒಂದು ಹಳೇ ಬೆಂಚು ಹುಡುಕುವುದು ವಾಸಿ.

ಶೆಲ್ಫಿಗೆ ಮಾತ್ರ ಮಾರಿಯವರ ದಾರಿಯೇ ಸರಿ. 18 ಮಿ.ಮೀ. ದಪ್ಪದ, 8 ಅಡಿಗೆ 4 ಅಡಿಯ ಒಂದು ಪ್ಲೈವುಡ್ ಹಾಳೆ ಸಾಕು. ಅದನ್ನು ಉದ್ದುದ್ದ ನಾಲ್ಕು ಪಟ್ಟಿ ಸೀಳಿಸಿ. ಗರಗಸ ತಿಂದದ್ದು ಕಳೆದು ಪ್ರತಿಯೊಂದೂ ಒಂದಡಿಗೆ ಕೂದಲೆಳೆ ಕಡಿಮೆ ಇರುತ್ತದೆ. ಎರಡು ಪಟ್ಟಿಗಳಿಂದ ಆರಾರು ಅಡಿಯ ನಿಲುವು ಹಲಗೆ, ಉಳಿದೆರಡರಿಂದ 30 ಇಂಚಿನ ಆರು ಅಡ್ಡ ಹಲಗೆ. 30 ಇಂಚೇ ಏಕೆ, ಗೋಡೆ ತುಂಬ ನಾಲ್ಕಡಿ ಐದಡಿ ಏಕಲ್ಲ? ಪುಸ್ತಕ ಒತ್ತಾಗಿ ಜೋಡಿಸಿದ ಹಲಗೆಯ ಉದ್ದ ಎರಡರಷ್ಟಾದರೆ ಅದು ಬಾಗುವುದು ಎರಡರಷ್ಟಲ್ಲ, ಹದಿನಾರರಷ್ಟು. ಒಂದಡಿ ಪುಸ್ತಕ ಎಂಟರಿಂದ ಹತ್ತು ಕಿಲೋ ತೂಗುತ್ತದೆ. 30 ಇಂಚಿಗೆ ಇಪ್ಪತ್ತೈದು ಕಿಲೋ ಬಂದರೂ 18 ಮಿ.ಮೀ. ಪ್ಲೈ ಕಣ್ಣಿಗೆ ಕಾಣುವಷ್ಟು ಬಾಗದು. ದುಡ್ಡು ಉಳಿಸಲು 12 ಮಿ.ಮೀ. ತಂದರೆ ಗಟ್ಟಿತನ ಮೂರನೇ ಒಂದು ಭಾಗಕ್ಕೂ ಕಡಿಮೆಯಾಗುತ್ತದೆ, ಉಳಿಸಬೇಕಾದ ಜಾಗ ಅದಲ್ಲ. ಸ್ಕ್ರೂ ಹಾಕುವ ಮುಂಚೆ ಸಣ್ಣ ತೂತು ಕೊರೆಯಿರಿ, ಇಲ್ಲದಿದ್ದರೆ ಪ್ಲೈನ ಅಂಚು ಪದರ ಪದರವಾಗಿ ಬಿರಿಯುತ್ತದೆ. ಹಿಂದಕ್ಕೆ ಒಂದು ತೆಳು ಹಲಗೆ ಹೊಡೆದರೆ ಪಕ್ಕಕ್ಕೆ ವಾಲುವುದು ನಿಂತಿತು, ನೆತ್ತಿಯನ್ನು ಗೋಡೆಗೆ ಕಟ್ಟಿದರೆ ಮಕ್ಕಳು ಹತ್ತಿದರೂ ಮಗುಚಿಕೊಳ್ಳದು. ಇದರಲ್ಲಿ ಕೆತ್ತನೆಯಿಲ್ಲ, ನಾಲಿಗೆ-ತೂತು ಇಲ್ಲ. ಟೇಪು ಹಿಡಿಯಲು ಬಂದರೆ ಸಾಕು.

ಆಚಾರ್ರು ಇರುವ ಊರಿನಲ್ಲಿ ನಾವೇಕೆ ಗರಗಸ ಹಿಡಿಯಬೇಕು, ಅವರ ಅನ್ನ ಕಿತ್ತಂತಲ್ಲವೇ ಎಂದು ಕೇಳುವವರಿದ್ದಾರೆ. ನ್ಯಾಯವಾದ ಪ್ರಶ್ನೆ. ಎಲ್ಲವನ್ನೂ ಸ್ವತಃ ಮಾಡಿಕೊಳ್ಳುವ ಹವ್ಯಾಸ ಕೂಲಿ ದುಬಾರಿಯಾದ ದೇಶಗಳಲ್ಲಿ ಬೆಳೆದದ್ದು, ಅದನ್ನು ಇಲ್ಲಿ ಹಾಗೇ ನೆಡುವುದು ಸರಿಯಲ್ಲ. ಆದರೆ ಇಪ್ಪತ್ತು ವರ್ಷ ಕೈ ಪಳಗಿಸಿದವರಿಂದ ಪ್ಲೈ ಡಬ್ಬಿ ಮಾಡಿಸುವುದು ಆ ಕೈಗೆ ಕೊಟ್ಟ ಮರ್ಯಾದೆಯೂ ಅಲ್ಲ. ಶೆಲ್ಫಿನಲ್ಲಿ ಉಳಿದ ಕೂಲಿಯನ್ನು ಕುರ್ಚಿಯ ಜಾಯಿಂಟಿಗೆ, ಬೆತ್ತಕ್ಕೆ, ಪಾಲಿಶಿಗೆ ಕೊಡಿ. ಹಾಗೆ ಕೊಟ್ಟರೆ ಸಾಗಾಣಿಕೆ, ರಿಪೇರಿ ಸೇರಿ ಹೊಸದರ ಬೆಲೆಯೇ ಆಗುತ್ತದಲ್ಲ ಎನ್ನಬಹುದು. ಕೆಲವೊಮ್ಮೆ ಹೌದು, ಹೆಚ್ಚೂ ಆದೀತು. ಆಗ ಹೋಲಿಸಬೇಕಾದದ್ದು ಪಾರ್ಟಿಕಲ್ ಬೋರ್ಡಿನ ಹೊಸ ಕುರ್ಚಿಗಲ್ಲ, ತೇಗದ ಹೊಸ ಕುರ್ಚಿಗೆ. ಬಾಡಿಗೆಯವರಿಗೆ ಭಾರದ ಮರ ಹೊರೆ ಎಂಬ ವಾದ ಇದಕ್ಕಿಂತ ಗಟ್ಟಿ. ಒಂದು ವರ್ಷ ಮೀರಿದ ಬಾಡಿಗೆ ಕರಾರನ್ನು 1908ರ ನೋಂದಣಿ ಕಾಯ್ದೆಯಂತೆ ನೋಂದಾಯಿಸಲೇಬೇಕಾದ್ದರಿಂದ ನಮ್ಮಲ್ಲಿ 11 ತಿಂಗಳ ಅಗ್ರಿಮೆಂಟೇ ರೂಢಿ, ಎತ್ತಂಗಡಿಯ ಭಯ ಸದಾ ಇದ್ದದ್ದೇ. ಆದರೆ ಬಿಚ್ಚಿ ಜೋಡಿಸಬಹುದೆಂದು ಮಾರುವ ಹಗುರ ಸಾಮಾನು ಎರಡು ಮೂರು ಮನೆ ಬದಲಿಸುವಷ್ಟರಲ್ಲಿ ಸ್ಕ್ರೂ ಹಿಡಿತ ಕಳೆದುಕೊಂಡಿರುತ್ತದೆ. ತೇಗದ ಕುರ್ಚಿಗೆ ಬಿಚ್ಚುವ ಗೊಡವೆಯಿಲ್ಲ, ಟೆಂಪೋದಲ್ಲಿ ಎತ್ತಿಟ್ಟರಾಯಿತು. ಒಂದಕ್ಕೊಂದು ಹೊಂದದ ನಾಲ್ಕು ಬಗೆಯ ಮರ ಕಣ್ಣಿಗೆ ಹೊಡೆಯುತ್ತದೆ ಎನ್ನುವವರು ಮರಕ್ಕೆಲ್ಲ ಒಂದೇ ಬಣ್ಣ ಬಳಿಯದೆ ನೆಲಕ್ಕೆ ಒಂದು ನವಲಗುಂದದ ಜಮಖಾನ ಹಾಸಲಿ. ಧಾರವಾಡ ಜಿಲ್ಲೆಯ ಹೆಣ್ಣುಮಕ್ಕಳು ನೇಯುವ ಆ ಗಾಢ ಬಣ್ಣಗಳ ಮುಂದೆ ತೇಗ-ಹಲಸುಗಳ ವ್ಯತ್ಯಾಸವನ್ನು ಯಾರೂ ಎಣಿಸುವುದಿಲ್ಲ.

ಹಾಗಾದರೆ ಹಾಲಿನಲ್ಲಿ ಏನೇನು ಬಂತು? ಗೋಡೆಗೊತ್ತಿ ಎರಡಡಿ ಅಗಲದ ಒಂದು ಹಳೇ ದಿವಾನ್, ಎರಡು ಬೆತ್ತದ ಕುರ್ಚಿ, ಎರಡೂವರೆ ಅಡಿಗಿಂತ ತುಸು ಹೆಚ್ಚು ಅಗಲದ ಒಂದು ಶೆಲ್ಫು. ಎಲ್ಲ ಸೇರಿ 25 ಚದರಡಿ ದಾಟದು. ಪ್ಲೈ ಹಾಳೆಯ ಮೊದಲೆರಡು ಪಟ್ಟಿಗಳಲ್ಲಿ ಎರಡೆರಡು ಅಡಿಯ ತುಂಡು ಉಳಿದಿರುತ್ತದೆ, ಆಗಲೇ ಸ್ಟೂಲು ಮಾಡುವ ಆಸೆ ಹುಟ್ಟುವುದು. ಕಾಲು ಬಂದರೆ ಜಾಯಿಂಟೂ ಬಂತು, ಬೇಡ. ಒಂದೊಂದರ ಅಡಿಗೂ ಇಂಚು ದಪ್ಪದ ಎರಡು ಪಟ್ಟಿ ಹೊಡೆದು ಅಂಚು ಉಜ್ಜಿದರೆ ಎರಡು ಮಣೆ. ನಾಲ್ಕು ಜನಕ್ಕಿಂತ ಹೆಚ್ಚು ಬಂದ ದಿನ ಹಾಕಿ, ಉಳಿದ ದಿನ ಶೆಲ್ಫಿನ ಪಕ್ಕ ಗೋಡೆಗೆ ಒರಗಿಸಿಡಿ.