ಒಂದೇ ಮನೆ, ಎರಡು ಕರಾರು

ಅಮೆರಿಕದ ಬಿಳಿಯ ರಾಯಭಾರಿಯೊಬ್ಬ ಇನ್ನೂರು ಚಿಲ್ಲರೆ ವರ್ಷಗಳ ಹಿಂದೆ ಪ್ಯಾರಿಸ್‌ನಲ್ಲಿ ಕೂತು ಬರೆದ ಕಾಗದಗಳಿಗೂ ನಮಗೂ ಏನು ಸಂಬಂಧ? ಗೆಳೆಯರು ಈ ಪ್ರಶ್ನೆ ಕೇಳಿಯೇ ಕೇಳುತ್ತಾರೆ, ಕೇಳಲೂಬೇಕು. ನಮ್ಮ ಕೇರಿಗೆ ಇನ್ನೂ ನೀರು ಬಂದಿಲ್ಲ, ಇವರು ಜೆಫರ್ಸನ್ ಓದುತ್ತಾ ಕೂತಿದ್ದಾರೆ ಎಂದು ಬೈದರೂ ಬೈಸಿಕೊಳ್ಳುತ್ತೇವೆ. ಆದರೆ ಈತನನ್ನು ನಾವಾಗಿ ಹುಡುಕಿಕೊಂಡು ಹೋಗಲಿಲ್ಲ. ಸಮಾನತೆ ಎಂಬ ಮಾತು ಬಂದಾಗಲೆಲ್ಲ ಮೇಷ್ಟ್ರುಗಳು ಈತನನ್ನು ನಮ್ಮ ತರಗತಿಗೆ ಕರಕೊಂಡು ಬಂದರು. 1776ರ ಸ್ವಾತಂತ್ರ್ಯ ಘೋಷಣೆಯ ಕರಡು ಬರೆದವನು, ಎಲ್ಲ ಮನುಷ್ಯರೂ ಹುಟ್ಟಿನಿಂದ ಸಮಾನರು ಎಂದವನು ಅಂತ ಹೇಳಿ ಪರೀಕ್ಷೆಗೆ ಐದು ಅಂಕದ ಪ್ರಶ್ನೆ ಮಾಡಿದರು. ಅಂಕವನ್ನು ನಾವೂ ತೆಗೆದುಕೊಂಡೆವು. ಈಗ ಆತನ ಕಾಗದಗಳನ್ನು ನಮ್ಮ ಕಣ್ಣಿನಿಂದ ಓದಿ ನೋಡುವ ಬಾಕಿ ಉಳಿದಿದೆ.

ಥಾಮಸ್ ಜೆಫರ್ಸನ್ ಫ್ರಾನ್ಸಿನಲ್ಲಿ ಇದ್ದದ್ದು 1784ರಿಂದ 1789ರವರೆಗೆ. 1785ರಲ್ಲಿ ಬೆಂಜಮಿನ್ ಫ್ರಾಂಕ್ಲಿನ್‌ನ ಜಾಗಕ್ಕೆ ಅಮೆರಿಕದ ರಾಯಭಾರಿಯಾದ. ಜೀವಮಾನದಲ್ಲಿ ಈತ ಬರೆದ ಕಾಗದಗಳನ್ನು ಸಾವಿರಗಳಲ್ಲಿ ಎಣಿಸಬೇಕು. ಅವು ಉಳಿದದ್ದು ಸುಮ್ಮನೆ ಅಲ್ಲ. ಬರೆದ ಹಾಳೆಗೆ ಒದ್ದೆ ಮಾಡಿದ ತೆಳು ಕಾಗದ ಒತ್ತಿ ನಕಲು ತೆಗೆಯುವ ಯಂತ್ರವನ್ನು ಪ್ಯಾರಿಸ್‌ನಲ್ಲೇ ಇಟ್ಟುಕೊಂಡಿದ್ದ. ಯಾರಿಗೆ ಯಾವತ್ತು ಬರೆದೆ ಎಂಬ ಪಟ್ಟಿಯನ್ನೂ ಇಟ್ಟಿದ್ದ. ಪ್ರಿನ್ಸ್‌ಟನ್ ವಿಶ್ವವಿದ್ಯಾನಿಲಯ 1950ರಿಂದ ಅವನ್ನೆಲ್ಲ ಸಂಪುಟ ಸಂಪುಟವಾಗಿ ಅಚ್ಚು ಹಾಕುತ್ತಾ ಬಂದಿದೆ. ಇತಿಹಾಸಕ್ಕೆ ತನ್ನ ಮಾತು ಬೇಕಾಗುತ್ತದೆ ಎಂಬ ನಂಬಿಕೆ ಇದ್ದವನು ನಕಲು ಇಡುತ್ತಾನೆ. ನಮ್ಮ ತಾತಂದಿರು ಹೆಬ್ಬೆಟ್ಟು ಒತ್ತಿದ ಪತ್ರಗಳ ನಕಲು ದಣಿಯ ಪೆಟ್ಟಿಗೆಯಲ್ಲಿರುತ್ತಿತ್ತು, ತಾತನ ಹತ್ತಿರ ಇರುತ್ತಿರಲಿಲ್ಲ. ಪತ್ರಸಾಹಿತ್ಯದ ವಿಮರ್ಶೆ ಶುರುವಾಗಬೇಕಾದ್ದು ಇಲ್ಲಿಂದ ಎಂದು ನಮಗೆ ಅನ್ನಿಸುತ್ತದೆ. ಶೈಲಿಯ ಮಾತು ಆಮೇಲೆ.

ಹಾಗಂತ ಶೈಲಿಯನ್ನು ತಳ್ಳಿಹಾಕುವುದಿಲ್ಲ. ಒಳ್ಳೆಯದನ್ನು ಒಳ್ಳೆಯದು ಎನ್ನೋಣ. 1785ರ ಅಕ್ಟೋಬರ್ 28ರಂದು ಫಾಂಟೆನ್‌ಬ್ಲೋದಿಂದ ಈತ ಗೆಳೆಯ ಜೇಮ್ಸ್ ಮ್ಯಾಡಿಸನ್‌ಗೆ ಬರೆದ ಕಾಗದ ಓದಿದರೆ ಎದೆ ಕಲಕುತ್ತದೆ. ದೊರೆ ಬೇಟೆಗೆ ಬರುವ ಊರು ಅದು. ಬೆಟ್ಟದ ಕಡೆ ನಡೆದು ಹೊರಟವನಿಗೆ ದಾರಿಯಲ್ಲಿ ಒಬ್ಬ ಬಡ ಹೆಂಗಸು ಜೊತೆಯಾಗುತ್ತಾಳೆ. ಕೂಲಿಯವಳು. ದಿನಕ್ಕೆ ಎಂಟು ಸೂ ಕೂಲಿ, ಸಾಕಬೇಕಾದ ಎರಡು ಮಕ್ಕಳು, ಎಪ್ಪತ್ತೈದು ದಿನದ ದುಡಿಮೆ ಮನೆ ಬಾಡಿಗೆಗೇ ಹೋಗುತ್ತದೆ, ಎಷ್ಟೋ ದಿನ ಕೂಲಿಯೂ ಇಲ್ಲ, ರೊಟ್ಟಿಯೂ ಇಲ್ಲ. ಬೀಳ್ಕೊಡುವಾಗ ಇಪ್ಪತ್ತನಾಲ್ಕು ಸೂ ಕೈಗಿಟ್ಟರೆ ಅವಳು ಮಾತು ಹೊರಡದೆ ಅತ್ತುಬಿಡುತ್ತಾಳೆ. ಅಲ್ಲಿಂದ ಆತನ ಯೋಚನೆ ಭೂಮಿಯ ಕಡೆ ತಿರುಗುತ್ತದೆ. ಬೇಟೆಗೆಂದು ಇಷ್ಟು ನೆಲ ಬೀಳು ಬಿಟ್ಟಿರುವಾಗ ದುಡಿಯಲು ಕೈಯಿದ್ದವರು ಭಿಕ್ಷೆಗೆ ಇಳಿದಿದ್ದಾರಲ್ಲ, ಆಸ್ತಿಯ ಕಾನೂನು ಮನುಷ್ಯನ ಸಹಜ ಹಕ್ಕನ್ನೇ ತುಳಿಯುವಷ್ಟು ಬೆಳೆದಿದೆ, ದುಡಿದು ಬದುಕುವುದಕ್ಕೆ ಭೂಮಿ ಎಲ್ಲರಿಗೂ ಸೇರಿದ್ದು ಎನ್ನುತ್ತಾನೆ. ಬಗರ್ ಹುಕುಂ ಅರ್ಜಿ ಹಿಡಿದು ತಾಲ್ಲೂಕು ಕಚೇರಿ ಮುಂದೆ ಕೂತವರು ಇದನ್ನು ಓದಿದರೆ ಈತ ನಮ್ಮವನೇ ಅಂದಾರು.

ಆದರೆ ಪ್ಯಾರಿಸ್‌ನ ಮನೆಗೆ ವಾಪಸ್ ಹೋದಾಗ ಆತನ ಅಡುಗೆಯ ಕೆಲಸದಲ್ಲಿ ಯಾರಿದ್ದರು? ಜೇಮ್ಸ್ ಹೆಮಿಂಗ್ಸ್. ವರ್ಜೀನಿಯಾದಿಂದ ಫ್ರೆಂಚ್ ಅಡುಗೆ ಕಲಿಯಲೆಂದು ಆತನೇ ಕರೆತಂದ ಗುಲಾಮ, ಬಂದಾಗ ಹತ್ತೊಂಬತ್ತರ ಹುಡುಗ. ಕೂಲಿ ಹೆಂಗಸಿನ ದಿನಗೂಲಿ ಎಷ್ಟು, ಮಕ್ಕಳೆಷ್ಟು ಎಂದು ಒಂದು ದಾರಿ ನಡೆಯುವುದರೊಳಗೆ ಕೇಳಿ ತಿಳಿದುಕೊಂಡವನು ಜೇಮ್ಸ್‌ನನ್ನು ಹಾಗೆ ಕೇಳಿ ಬರೆದ ಕಾಗದ ನಮಗೆ ಕಾಣಲಿಲ್ಲ. ಲೆಕ್ಕದ ಪುಸ್ತಕದಲ್ಲಿ ಮಾತ್ರ ತಿಂಗಳಿಗೆ ಇಪ್ಪತ್ತನಾಲ್ಕು ಲೀವ್ರ್ ಎಂದು ಆತನ ಸಂಬಳ ಸಿಗುತ್ತದೆ. ಪ್ಯಾರಿಸ್‌ನಲ್ಲಿ ಸಂಬಳ, ವರ್ಜೀನಿಯಾದಲ್ಲಿ ಬಿಟ್ಟಿ. ಕಡಲು ದಾಟಿದರೆ ಮನುಷ್ಯ, ವಾಪಸ್ ಬಂದರೆ ಆಸ್ತಿ.

ಯಾಕೆಂದರೆ ಫ್ರಾನ್ಸಿನ ನೆಲದ ಮೇಲೆ ನಿಂತ ಗುಲಾಮ ಕೋರ್ಟಿಗೆ ಹೋಗಿ ಬಿಡುಗಡೆ ಕೇಳಬಹುದಿತ್ತು. ಇದು ಜೆಫರ್ಸನ್‌ಗೆ ಗೊತ್ತಿತ್ತೇ? ಚೆನ್ನಾಗಿ ಗೊತ್ತಿತ್ತು. ಪಾಲ್ ಬೆಂಟಲೂ ಎಂಬವನು ಒಬ್ಬ ಕರಿಯ ಹುಡುಗನನ್ನು ಫ್ರಾನ್ಸಿಗೆ ತಂದು, ಏನು ಮಾಡಲಿ ಎಂದು ರಾಯಭಾರಿಯನ್ನು ಕೇಳಿದ. 1786ರ ಆಗಸ್ಟ್‌ನಲ್ಲಿ ಬರೆದ ಉತ್ತರದಲ್ಲಿ ಜೆಫರ್ಸನ್ ಹೇಳುವುದು ಇದು: ಹುಡುಗ ಬಿಡುಗಡೆ ಕೇಳಿದರೆ ಕಾನೂನು ಕೊಡುತ್ತದೆ, ಅದನ್ನು ತಡೆಯುವುದು ಕಷ್ಟ. ಆದರೆ ಏನೂ ಹೇಳದೆ ಗುಲಾಮನನ್ನು ತಂದಿಟ್ಟುಕೊಂಡವನೊಬ್ಬ ನನಗೆ ಗೊತ್ತು, ಅವನಿಗೆ ಯಾವ ತೊಂದರೆಯೂ ಆಗಲಿಲ್ಲ. ಹುಡುಗ ಚಿಕ್ಕವನು, ಬಿಡುಗಡೆ ಕೇಳಬೇಕೆಂದು ಅವನಿಗೆ ಹೊಳೆಯಲಾರದು. ಆ 'ಒಬ್ಬ' ಯಾರು ಎಂದು ಚರಿತ್ರಕಾರರು ತಲೆಕೆಡಿಸಿಕೊಳ್ಳಬೇಕಾಗಿಲ್ಲ. ಬಾಯಿ ಮುಚ್ಚಿಕೊಂಡಿರು, ಅವರಿಗೆ ಗೊತ್ತಾಗದಿದ್ದರೆ ಸಾಕು ಎಂಬುದೇ ಸ್ವಾತಂತ್ರ್ಯದ ಬರಹಗಾರ ಕೊಟ್ಟ ಸಲಹೆ. ಅಕ್ಷರ ಯಾಕೆ ಕಲಿಸಲಿಲ್ಲ ಎಂದು ನಾವು ನಮ್ಮ ಊರುಗಳಲ್ಲಿ ಕೇಳುತ್ತಾ ಬಂದ ಪ್ರಶ್ನೆಗೆ ಉತ್ತರ ಇಲ್ಲಿ ರುಜು ಸಮೇತ ಸಿಗುತ್ತದೆ.

ಇನ್ನೊಂದು ಕಾಗದವಿದೆ. ಎಲ್ಲಕ್ಕಿಂತ ಮುಖ್ಯವಾದದ್ದು ಇದೇ ಎಂದು ನಮ್ಮ ಅಭಿಪ್ರಾಯ. 1787ರ ಜುಲೈ 29ರಂದು ತನ್ನ ಆಸ್ತಿ ನೋಡಿಕೊಳ್ಳುತ್ತಿದ್ದ ನಿಕೊಲಸ್ ಲೂಯಿಸ್‌ಗೆ ಬರೆದದ್ದು. ಸಾಲದ ಚಿಂತೆ ಕೊರೆಯುತ್ತಿದೆ. ಜಮೀನು ಮಾರಲಾರೆ. ಗುಲಾಮರನ್ನೂ, ಅವರ ದುಡಿಮೆಯಿಂದ ಸಾಲ ತೀರುವ ಆಸೆ ಇರುವತನಕ ಮಾರಲು ಮನಸ್ಸಿಲ್ಲ. ಇದೆಲ್ಲ ಅವರ ಸುಖಕ್ಕಾಗಿಯೇ. ಆಸ್ತಿಯ ಮೇಲಿನ ಸಾಲವನ್ನು ಅವರು ದುಡಿದು ತೀರಿಸಿದ ಕ್ಷಣ ಅವರ ಹೊರೆ ಹಗುರ ಮಾಡುತ್ತೇನೆ. ಆ ಸಾಲದಲ್ಲಿ ಮೂರರಲ್ಲಿ ಎರಡು ಪಾಲು ಆದದ್ದು ಅವರನ್ನು ಕೊಂಡುಕೊಂಡದ್ದರಿಂದಲೇ! ಗೆಳೆಯರು ಇದನ್ನು ನಿಧಾನವಾಗಿ ಓದಬೇಕು. ತಮ್ಮನ್ನು ಕೊಂಡ ಬೆಲೆಯನ್ನು ತಾವೇ ದುಡಿದು ತೀರಿಸಬೇಕು, ತೀರಿಸಿದ ಮೇಲೂ ಸಿಗುವುದು ಬಿಡುಗಡೆಯಲ್ಲ, ಸ್ವಲ್ಪ ಹಗುರ. ಜೀತದ ಲೆಕ್ಕ ಗೊತ್ತಿರುವ ಯಾವ ಮನೆಯವರಿಗೂ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಅಪ್ಪ ತಂದ ಸಾಲಕ್ಕೆ ಮಗ, ಮಗನ ಊಟದ ಲೆಕ್ಕಕ್ಕೆ ಮೊಮ್ಮಗ. 1976ರ ಕಾನೂನು ಬಂದು ಆ ಸಾಲಗಳನ್ನು ರದ್ದು ಮಾಡಬೇಕಾಯಿತು. ಅದೂ ಕಾಗದದ ಮೇಲೆ.

ಅಮೆರಿಕದ ಗುಲಾಮಗಿರಿಯೂ ನಮ್ಮ ಅಸ್ಪೃಶ್ಯತೆಯೂ ಒಂದೇ ಎಂದು ನಾವು ಹೇಳುತ್ತಿಲ್ಲ. ಅಲ್ಲಿ ಸಂತೆಯಲ್ಲಿ ಮಾರುತ್ತಿದ್ದರು, ಇಲ್ಲಿ ಮುಟ್ಟುತ್ತಲೇ ಇರಲಿಲ್ಲ. ಆದರೆ ಎರಡಕ್ಕೂ ಬೇರು ಹುಟ್ಟಿನಲ್ಲಿದೆ. ವರ್ಜೀನಿಯಾದವರು 1662ರಲ್ಲೇ ಕಾನೂನು ಮಾಡಿಕೊಂಡಿದ್ದರು: ತಾಯಿ ಗುಲಾಮಳಾದರೆ ಮಗುವೂ ಗುಲಾಮ, ಅಪ್ಪ ಯಾರೇ ಆಗಿರಲಿ.

ಈ ಕಾನೂನಿನಿಂದಲೇ ಸ್ಯಾಲಿ ಹೆಮಿಂಗ್ಸ್ ಗುಲಾಮಳಾಗಿದ್ದಳು. ಜೇಮ್ಸ್‌ನ ತಂಗಿ. ಅವಳ ಅಪ್ಪ ಜಾನ್ ವೇಲ್ಸ್, ಜೆಫರ್ಸನ್‌ನ ಮಾವ. ಅಂದರೆ ಸ್ಯಾಲಿ ಆತನ ತೀರಿಹೋದ ಹೆಂಡತಿಗೆ ಅಪ್ಪನ ಕಡೆಯಿಂದ ತಂಗಿಯಾಗಬೇಕು. 1773ರಲ್ಲಿ ಮಾವ ಸತ್ತಾಗ ಜಮೀನು, ಸಾಲ, 135 ಗುಲಾಮರ ಜೊತೆ ಹಾಲುಗೂಸು ಸ್ಯಾಲಿಯೂ ಅಳಿಯನ ಪಾಲಿಗೆ ಬಂದಳು. 1787ರಲ್ಲಿ ಜೆಫರ್ಸನ್‌ನ ಎಂಟು ವರ್ಷದ ಮಗಳ ಜೊತೆಗೆ ಕಡಲು ದಾಟಿಸಿ ಕಳಿಸಿದಾಗ ಸ್ಯಾಲಿಗೆ ಹದಿನಾಲ್ಕು. ಮಗಳ ಜೊತೆ ಒಬ್ಬ ವಯಸ್ಕ ಹೆಂಗಸನ್ನು ಕಳಿಸಿ ಎಂದು ಆತ ಬರೆದಿದ್ದ, ಬಂದದ್ದು ಈ ಹುಡುಗಿ. ಲಂಡನ್ನಿನಲ್ಲಿ ಇಳಿಸಿಕೊಂಡ ಅಬಿಗೇಲ್ ಆಡಮ್ಸ್, ಇವಳೇ ಇನ್ನೂ ಮಗು ಎಂದು ಜೆಫರ್ಸನ್‌ಗೆ ಬರೆದಳು. ಅವಳ ಆ ಪತ್ರಗಳಲ್ಲಿ ಇವಳಿಗೆ ಹೆಸರಿಲ್ಲ. ನಿಮ್ಮಲ್ಲಿರುವ ಆಳಿನ ತಂಗಿ, ಅಷ್ಟೆ.

ಆತ ತನ್ನ ಕಾಲದ ಮನುಷ್ಯ, ಅವತ್ತಿಗೆ ಅಷ್ಟೇ ತಿಳಿದಿತ್ತು ಎಂದು ಹೇಳ್ತಾರೆ. ಯಾವ ಕಾಲ? ಅದೇ ಕಾಲದಲ್ಲಿ, ಅದೇ ಪ್ಯಾರಿಸ್‌ನಲ್ಲಿ, ಕಾನ್ವೆಂಟಿನಲ್ಲಿ ಓದುತ್ತಿದ್ದ ಆತನ ದೊಡ್ಡ ಮಗಳು ಹದಿನಾಲ್ಕನೇ ವಯಸ್ಸಿಗೆ, ನೀಗ್ರೋಗಳಿಗೆಲ್ಲ ಬಿಡುಗಡೆ ಆಗಲಿ ಎಂಬುದು ನನ್ನ ಮನಸಾರೆ ಆಸೆ ಎಂದು 1787ರಲ್ಲಿ ಅಪ್ಪನಿಗೇ ಬರೆದಿದ್ದಳು. 1788ರಲ್ಲಿ ಬ್ರಿಸೊ ಎಂಬ ಫ್ರೆಂಚ್ ಗೆಳೆಯ ಗುಲಾಮಗಿರಿ ವಿರೋಧಿ ಸಂಘಕ್ಕೆ ಸೇರು ಎಂದು ಕರೆದಾಗ, ಸಹಾನುಭೂತಿ ಇದೆ, ಆದರೆ ನಾನು ಸರ್ಕಾರದ ಸೇವಕ, ಬಹಿರಂಗವಾಗಿ ಸೇರಲಾರೆ ಎಂದು ಜಾರಿಕೊಂಡ. ಅದಕ್ಕೂ ಮುಂಚೆ, 1785ರಲ್ಲಿ, ಶಾಸ್ತೆಲ್ಯು ಎಂಬವನಿಗೆ ಅಮೆರಿಕದ ಉತ್ತರದವರ, ದಕ್ಷಿಣದವರ ಗುಣದೋಷಗಳ ಪಟ್ಟಿಯನ್ನೇ ಬರೆದು ಕಳಿಸಿದ್ದ. ಅದರಲ್ಲಿ ದಕ್ಷಿಣದವರು ತಮ್ಮ ಸ್ವಾತಂತ್ರ್ಯಕ್ಕೆ ಸಾಯುತ್ತಾರೆ, ಬೇರೆಯವರದನ್ನು ತುಳಿಯುತ್ತಾರೆ ಎಂಬರ್ಥದ ಮಾತಿದೆ. ತಾನೂ ದಕ್ಷಿಣದವನೇ. ಹಾಗಾದರೆ ಗೊತ್ತಿರಲಿಲ್ಲ ಎನ್ನುವ ಮಾತಿಗೆ ಎಲ್ಲಿ ಜಾಗ? ಆತನಿಗೆ ಎಲ್ಲವೂ ಗೊತ್ತಿತ್ತು. ಆದರೆ ಯಾವ ಮಾತು ಯಾವ ವಿಳಾಸಕ್ಕೆ ಹೋಗಬೇಕು ಎಂಬುದೂ ಗೊತ್ತಿತ್ತು. ಭೂಮಿಯ ಹಕ್ಕು ಮ್ಯಾಡಿಸನ್‌ಗೆ, ಸಾಲದ ಲೆಕ್ಕ ಲೂಯಿಸ್‌ಗೆ, ಬಾಯಿ ಮುಚ್ಚಿಕೊಳ್ಳುವ ಉಪಾಯ ಬೆಂಟಲೂಗೆ. ಆಯ್ದ ಪತ್ರಗಳ ಸಂಕಲನ ಮಾಡುವ ಪಂಡಿತರು ಮೊದಲನೆಯದನ್ನು ಎತ್ತಿಕೊಂಡು ಉಳಿದವನ್ನು ಅಡಿಟಿಪ್ಪಣಿಗೆ ತಳ್ಳುತ್ತಾರೆ. ಎಲ್ಲವನ್ನೂ ಒಂದೇ ಕಾಗದವೆಂದು ಓದಬೇಕು ಎಂಬುದು ನಮ್ಮ ವಾದ.

ಹಾಗೆ ಓದುತ್ತಾ 1789ರ ಸೆಪ್ಟೆಂಬರ್‌ಗೆ ಬರೋಣ. ಬ್ಯಾಸ್ಟಿಲ್ ಬಿದ್ದು ಎರಡು ತಿಂಗಳೂ ಆಗಿಲ್ಲ. ಜೆಫರ್ಸನ್ ಊರಿಗೆ ಹೊರಡುವ ತಯಾರಿಯಲ್ಲಿದ್ದಾನೆ. ಸೆಪ್ಟೆಂಬರ್ 6ರಂದು ಮತ್ತೆ ಮ್ಯಾಡಿಸನ್‌ಗೆ ಒಂದು ಕಾಗದ ಬರೆಯುತ್ತಾನೆ. ಅವನ ಕಾಗದಗಳಲ್ಲೇ ಬಹಳ ಹೆಸರಾದದ್ದು. ಒಂದು ತಲೆಮಾರು ಇನ್ನೊಂದು ತಲೆಮಾರನ್ನು ಕಟ್ಟಿಹಾಕಬಹುದೇ ಎಂಬುದು ಪ್ರಶ್ನೆ. ಕೂಡದು ಎಂಬುದು ಉತ್ತರ. ಭೂಮಿಯ ಅನುಭೋಗ ಬದುಕಿರುವವರದು, ಸತ್ತವರಿಗೆ ಅದರ ಮೇಲೆ ಅಧಿಕಾರವಿಲ್ಲ. ಒಂದು ತಲೆಮಾರಿನ ಸಾಲ ಮುಂದಿನದರ ತಲೆಗೆ ಬರಬಾರದು. ಮರಣದ ಲೆಕ್ಕ ಹಾಕಿ ತಲೆಮಾರಿಗೆ ಹತ್ತೊಂಬತ್ತು ವರ್ಷ ಎಂದೂ ಗೊತ್ತುಮಾಡುತ್ತಾನೆ.

ಅದೇ ಶಾಂಜೆಲಿಜೆಯ ಮನೆ. ಅದೇ ದಿನಗಳು. ಅಲ್ಲಿ ಇನ್ನೊಂದು ಕರಾರು ನಡೆಯಿತು. ಅದಕ್ಕೆ ಯಂತ್ರ ಒತ್ತಿದ ನಕಲಿಲ್ಲ. ಅದನ್ನು ಹೇಳಿದವನು ಸ್ಯಾಲಿಯ ಮಗ ಮ್ಯಾಡಿಸನ್ ಹೆಮಿಂಗ್ಸ್, 1873ರಲ್ಲಿ, ಒಹಾಯೊದ ಒಂದು ಪತ್ರಿಕೆಗೆ. ಹದಿನಾರರ ಸ್ಯಾಲಿ ಗರ್ಭಿಣಿಯಾಗಿದ್ದಳು. ಗರ್ಭಕ್ಕೆ ಕಾರಣ ಯಜಮಾನ. ಇಲ್ಲಿ ನಾನು ಸ್ವತಂತ್ರಳು, ವರ್ಜೀನಿಯಾಕ್ಕೆ ಹೋದರೆ ಮತ್ತೆ ಗುಲಾಮಳು, ಬರುವುದಿಲ್ಲ ಎಂದಳು. ನಿನ್ನ ಮಕ್ಕಳಿಗೆ ಇಪ್ಪತ್ತೊಂದು ವರ್ಷಕ್ಕೆ ಬಿಡುಗಡೆ ಎಂದು ಆತ ಮಾತು ಕೊಟ್ಟ ಮೇಲೆ ಹೊರಟಳು.

ಇದನ್ನು ಪ್ರೇಮಕತೆ ಮಾಡುವವರಿದ್ದಾರೆ. ಒಡೆಯನಿಗೂ ಅವನ ಆಸ್ತಿಯಾಗಿದ್ದ ಹದಿನಾರರ ಹುಡುಗಿಗೂ ನಡುವೆ ಒಪ್ಪಿಗೆ ಎಂಬ ಮಾತಿಗೆ ಏನು ಅರ್ಥ ಎಂದು ನಮ್ಮ ಅಜ್ಜಿಯರನ್ನು ಕೇಳಿದರೆ ಹೇಳುತ್ತಾರೆ. ನಾವು ನೋಡಬೇಕಾದ್ದು ಅವಳ ಯೋಚನೆಯನ್ನು. ಒಂದು ತಲೆಮಾರು ಇನ್ನೊಂದನ್ನು ಕಟ್ಟಿಹಾಕಬಾರದು ಎಂದು ಆತ ತತ್ವ ಬರೆದ. ಅದೇ ಮಾತನ್ನು ಅವಳು ಷರತ್ತಾಗಿ ಹಾಕಿದಳು, ಹುಟ್ಟದ ಮಕ್ಕಳಿಗಾಗಿ, ತನ್ನ ಬಿಡುಗಡೆಯನ್ನೇ ಅಡ ಇಟ್ಟು. ಆತನ ಕಾಗದದಲ್ಲಿ ತಲೆಮಾರುಗಳೆಂದರೆ ಬಿಳಿಯರ ತಲೆಮಾರುಗಳು. ಆ ತತ್ವದ ಅರ್ಥವನ್ನು ಕೊನೆಯವರೆಗೂ ಯೋಚಿಸಿದವಳು ಅದೇ ಮನೆಯ ಹುಡುಗಿ.

ಮಗ ಹೇಳಿದ್ದನ್ನು ಪಂಡಿತರು ನೂರು ವರ್ಷಕ್ಕೂ ಮೇಲೆ ನಂಬಲಿಲ್ಲ. ಬಾಯಿಮಾತು ಅಂದರು. ಬಿಳಿ ಮೊಮ್ಮಕ್ಕಳು ಹೇಳಿದ್ದೂ ಬಾಯಿಮಾತೇ, ಅದನ್ನು ಮಾತ್ರ ದಾಖಲೆ ಅಂದರು. ಈ ಎರಡು ತಕ್ಕಡಿಗಳನ್ನು ಆನೆಟ್ ಗಾರ್ಡನ್-ರೀಡ್ ಎಂಬ ಕಪ್ಪು ಲೇಖಕಿ 1997ರಲ್ಲಿ ಬಯಲಿಗೆ ಎಳೆದರು. 1998ರಲ್ಲಿ ಡಿಎನ್‌ಎ ಪರೀಕ್ಷೆ ಸ್ಯಾಲಿಯ ಕಿರಿಯ ಮಗನ ವಂಶವನ್ನು ಜೆಫರ್ಸನ್ ಗಂಡು ಸಂತತಿಗೆ ಜೋಡಿಸಿತು. ನಮ್ಮವರ ಮಾತು ನಿಜವಾಗಬೇಕಾದರೆ ರಕ್ತ ಕೊಟ್ಟೇ ಸಾಬೀತು ಮಾಡಬೇಕು.

ಸ್ಯಾಲಿಯ ಷರತ್ತು ನಡೆಯಿತು. ಬೆಳೆದು ದೊಡ್ಡವರಾದ ನಾಲ್ಕು ಮಕ್ಕಳೂ ಗುಲಾಮಗಿರಿಯಿಂದ ಹೊರಬಂದರು. ಜೆಫರ್ಸನ್‌ನ ತತ್ವ ನಡೆಯಲಿಲ್ಲ. 1826ರ ಜುಲೈ 4ರಂದು ಸಾಲದಲ್ಲೇ ಸತ್ತ. 1827ರ ಜನವರಿಯಲ್ಲಿ ಆತನ ಮನೆ ಮಾಂಟಿಸೆಲೊದಲ್ಲಿ ಹರಾಜು ಕೂಗಿದರು. ಮಾರಾಟಕ್ಕೆ ಇಟ್ಟದ್ದು 130 ಮನುಷ್ಯರನ್ನು. ಸತ್ತವನ ಸಾಲ ಬದುಕಿದ್ದವರ ತಲೆಗೇ ಬಂತು.

1873 ಎಂದೆವಲ್ಲ, ಅದೇ ವರ್ಷ ಪುಣೆಯ ಜ್ಯೋತಿರಾವ್ ಫುಲೆಯವರು 'ಗುಲಾಮಗಿರಿ' ಪುಸ್ತಕ ತಂದರು. ಕರಿಯರ ಬಿಡುಗಡೆಗೆ ದುಡಿದ ಅಮೆರಿಕದ ಜನರಿಗೆ ಅದನ್ನು ಅರ್ಪಿಸಿದರು. ಒಹಾಯೊದ ಬಡಗಿ ಮ್ಯಾಡಿಸನ್ ಹೆಮಿಂಗ್ಸ್‌ನೂ ಫುಲೆಯವರೂ ಒಬ್ಬರನ್ನೊಬ್ಬರು ಕಂಡವರಲ್ಲ. ಆದರೂ ಹುಟ್ಟಿನ ಲೆಕ್ಕವನ್ನು ಇಬ್ಬರೂ ಒಂದೇ ವರ್ಷ ಅಚ್ಚಿನ ಮುಂದೆ ಇಟ್ಟರು.

ಹಾಗಾದರೆ ಜೆಫರ್ಸನ್‌ನನ್ನು ಸುಡಬೇಕೇ? ಬೇಡ. ಫಾಂಟೆನ್‌ಬ್ಲೋದ ಕಾಗದ ನಮಗೂ ಬೇಕು, ಅದರ ಮಾತನ್ನು ಅದನ್ನು ಬರೆದವನ ವಿರುದ್ಧವೇ ನಿಲ್ಲಿಸುವುದಕ್ಕೆ. ಜೇಮ್ಸ್ ಹೆಮಿಂಗ್ಸ್ ತನ್ನ ಸಂಬಳದಿಂದ ಮೇಷ್ಟ್ರನ್ನು ಇಟ್ಟುಕೊಂಡು ಫ್ರೆಂಚ್ ಕಲಿತ. ತನ್ನ ಜಾಗಕ್ಕೆ ಇನ್ನೊಬ್ಬ ಅಡುಗೆಯವನನ್ನು ತಯಾರು ಮಾಡಿಕೊಟ್ಟ ಮೇಲಷ್ಟೇ, 1796ರಲ್ಲಿ, ಅವನಿಗೆ ಬಿಡುಗಡೆ ಸಿಕ್ಕಿತು. ಹೊರಡುವ ಮುಂಚೆ ಮಾಂಟಿಸೆಲೊ ಅಡುಗೆಮನೆಯ ಪಾತ್ರೆಗಳ ಪಟ್ಟಿಯನ್ನು ತನ್ನ ಕೈಯಾರೆ ಬರೆದಿಟ್ಟ. ಆ ಹಾಳೆ ಉಳಿದಿದೆ. ಹಳ್ಳಿಯ ಶಾಲೆಗಳಲ್ಲಿರುವ ಗೆಳೆಯರಲ್ಲಿ ನಮ್ಮದೊಂದು ಕೋರಿಕೆ. ಮುಂದಿನ ಸಲ ಸ್ವಾತಂತ್ರ್ಯ ಘೋಷಣೆಯ ಪಾಠ ಬಂದಾಗ ಲೂಯಿಸ್‌ಗೆ ಬರೆದ ಸಾಲದ ಕಾಗದದ ಸಂಗತಿಯನ್ನೂ, ಈ ಪಾತ್ರೆಗಳ ಪಟ್ಟಿಯ ಸಂಗತಿಯನ್ನೂ ಮಕ್ಕಳಿಗೆ ಹೇಳಿ. ಆಮೇಲೆ, ಮನೆಗೆ ಹೋಗಿ ಅಜ್ಜಿ ಹೇಳಿದ್ದನ್ನು ಬರಕೊಂಡು ಬನ್ನಿ ಎಂದು ಕಳಿಸಿ. ಎರಡು ನಕಲು ಬರೆಸಿ. ಒಂದು ನಕಲು ಅಜ್ಜಿಯ ಮನೆಯಲ್ಲೇ ಇರಲಿ.