ತಲೆಪೆಟ್ಟಿನ ರಕ್ತಸ್ರಾವ ಮತ್ತು ಮೂರು ಗಂಟೆಗಳ ಅವಧಿ: ಒಂದು ವಿಮರ್ಶೆ

2019ರ ಅಕ್ಟೋಬರಿನಲ್ಲಿ ‘ಲ್ಯಾನ್ಸೆಟ್’ ಪತ್ರಿಕೆಯು ಪ್ರಕಟಿಸಿದ ‘ಕ್ರ್ಯಾಶ್-3’ ಎಂಬ ವೈದ್ಯಕೀಯ ಪ್ರಯೋಗದ ವರದಿಯನ್ನು ಇತಿಹಾಸದ ಅಧ್ಯಾಪಕರಾದ ನಾವು ವಿಮರ್ಶೆಗೆ ಎತ್ತಿಕೊಂಡುದು ಕೆಲವರಿಗೆ ಅಧಿಕಪ್ರಸಂಗವೆನಿಸಬಹುದು. ಔಷಧದ ಗುಣಾವಗುಣಗಳನ್ನು ನಿರ್ಣಯಿಸುವ ಅಧಿಕಾರ ನಮಗಿಲ್ಲ. ಆದರೆ ಒಂದು ದಾಖಲೆಯು ಹೇಳಿರುವುದೇನು, ಓದಿದವರು ಅದಕ್ಕೆ ಆರೋಪಿಸಿದುದೇನು ಎಂಬುದನ್ನು ಬೇರ್ಪಡಿಸುವುದು ನಮ್ಮ ಶಾಸ್ತ್ರದ ಕೆಲಸವೇ ಸರಿ.

ಔಷಧದ ಹೆಸರು ಟ್ರಾನೆಕ್ಸಾಮಿಕ್ ಆಮ್ಲ. ಜಪಾನಿನ ಉಟಾಕೊ ಒಕಾಮೊಟೊ ಮತ್ತು ಅವರ ಪತಿ ಶೋಸುಕೆ ಒಕಾಮೊಟೊ ಇದನ್ನು 1962ರಲ್ಲಿ ಬೆಳಕಿಗೆ ತಂದರು. ಗಾಯದಲ್ಲಿ ಕಟ್ಟಿದ ರಕ್ತದ ಹೆಪ್ಪು ಅಕಾಲದಲ್ಲಿ ಕರಗದಂತೆ ಇದು ತಡೆಯುತ್ತದೆ. ತಲೆಬುರುಡೆಯೊಳಗಿನ ರಕ್ತಸ್ರಾವಕ್ಕೂ ಇದರಿಂದ ಪ್ರಯೋಜನವುಂಟೆ ಎಂದು ತಿಳಿಯಲು 29 ದೇಶಗಳ 12,737 ಗಾಯಾಳುಗಳ ಮೇಲೆ ಪ್ರಯೋಗ ನಡೆಯಿತು. ಪೆಟ್ಟಾದ ಮೂರು ಗಂಟೆಗಳೊಳಗೆ ಚಿಕಿತ್ಸೆ ದೊರೆತವರಲ್ಲಿ ತಲೆಪೆಟ್ಟಿನಿಂದ ಮಡಿದವರು, ಔಷಧ ಪಡೆದವರ ಪೈಕಿ ನೂರಕ್ಕೆ 18.5, ಹುಸಿಮದ್ದು ಪಡೆದವರ ಪೈಕಿ 19.8. ಈ ಅಂತರವು ಕೇವಲ ಆಕಸ್ಮಿಕವಲ್ಲವೆಂದು ಲೆಕ್ಕಾಚಾರವು ಖಚಿತಪಡಿಸಲಿಲ್ಲ. ಸೌಮ್ಯ ಮತ್ತು ಮಧ್ಯಮ ಪೆಟ್ಟಿನವರಲ್ಲಿ ಮಾತ್ರ ಸಾವು 7.5ರ ಬದಲು 5.8ರಷ್ಟಿತ್ತು. ತೀವ್ರ ಪೆಟ್ಟಿನವರಲ್ಲಿ ಆ ಸಂಖ್ಯೆಗಳು 40.1 ಮತ್ತು 39.6, ಅಂದರೆ ವ್ಯತ್ಯಾಸವಿಲ್ಲವೆಂದೇ ಹೇಳಬೇಕು.

ಹೀಗಿರಲು, ತೀವ್ರ ತಲೆಪೆಟ್ಟಿಗೆ ಇದೊಂದು ಸಿದ್ಧೌಷಧವೆಂದು ಸಾರುವವರು ವರದಿಯನ್ನು ತಲೆಕೆಳಗಾಗಿ ಓದಿದ್ದಾರೆ. ಏನೂ ಪ್ರಯೋಜನವಿಲ್ಲವೆಂದು ತಳ್ಳಿಹಾಕುವವರೂ ಆತುರಪಟ್ಟಿದ್ದಾರೆ. ಮೊದಲು ಎಂಟು ಗಂಟೆಗಳಿದ್ದ ಅವಧಿಯನ್ನು 2016ರಲ್ಲಿ, ಪ್ರಯೋಗದ ನಡುವೆಯೇ, ಮೂರು ಗಂಟೆಗಳಿಗೆ ಇಳಿಸಿದುದನ್ನು ನಾವು ದೋಷವೆಂದು ಎಣಿಸುವುದಿಲ್ಲ. ಹೊರಗಿನ ಪುರಾವೆಯ ಬಲದಿಂದ ಆದ ಬದಲಾವಣೆ ಅದು. ನಮ್ಮ ಆಕ್ಷೇಪ ಬೇರೆಡೆ ಇದೆ.

ಪ್ರಯೋಗಕ್ಕೆ ಸೇರಿಸಿಕೊಂಡುದು ಪ್ರಜ್ಞೆಯ ಅಂಕ ಹದಿನೈದರಲ್ಲಿ ಹನ್ನೆರಡು ಅಥವಾ ಅದಕ್ಕಿಂತ ಕಡಿಮೆಯಿದ್ದವರನ್ನು, ಇಲ್ಲವೆ ಸಿಟಿ ಸ್ಕ್ಯಾನಿನಲ್ಲಿ ರಕ್ತಸ್ರಾವ ಕಂಡವರನ್ನು. ಮಾತನಾಡುತ್ತ ಕುಳಿತಿರುವ ಸೌಮ್ಯ ಪೆಟ್ಟಿನವನು ಈ ಗುಂಪಿಗೆ ಸೇರುವುದು ಸ್ಕ್ಯಾನಿನಿಂದಲೇ. ಹೆಚ್ಚು ಪ್ರಯೋಜನ ಪಡೆಯಬಹುದಾದವರಲ್ಲಿ ಇಂಥವನೂ ಒಬ್ಬನು. ಅವನನ್ನು ಗುರುತಿಸುವ ಯಂತ್ರವು ಎಲ್ಲಿದೆಯೆಂಬುದನ್ನು ವರದಿಯ ಪ್ರಶಂಸಕರು ಕೇಳಿಕೊಂಡಂತೆ ತೋರುವುದಿಲ್ಲ.

ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿಗಳ ವಿಷಯದಲ್ಲಿ ಈ ಪ್ರಶ್ನೆ ಪುಸ್ತಕದ್ದಲ್ಲ. ಹರಪನಹಳ್ಳಿಯು 1997ರಲ್ಲಿ ದಾವಣಗೆರೆ ಜಿಲ್ಲೆಗೆ ಸೇರಿ, ಮರಳಿ ಬಳ್ಳಾರಿಗೆ ಬಂದು, 2021ರಲ್ಲಿ ವಿಜಯನಗರ ಜಿಲ್ಲೆಯದಾಯಿತು. (ಗೆಜೆಟಿಯರ್ ಓದುವವರಿಗೆ ಇದೊಂದು ತಲೆನೋವು.) ಆದರೂ ತಲೆಗೆ ಪೆಟ್ಟಾದವನಿಗೆ ದಾವಣಗೆರೆಯೇ ಹತ್ತಿರ. ಅವಧಿಯ ಎಣಿಕೆಯು ಪೆಟ್ಟು ಬಿದ್ದ ಕ್ಷಣದಿಂದ ಮೊದಲಾಗುತ್ತದೆಯೇ ಹೊರತು ಆಸ್ಪತ್ರೆಯ ಬಾಗಿಲಿನಿಂದಲ್ಲ. ಹಳ್ಳಿಯಿಂದ ತಾಲ್ಲೂಕಿಗೆ, ತಾಲ್ಲೂಕಿನಿಂದ ದೊಡ್ಡ ಊರಿಗೆ ಸಾಗುವಷ್ಟರಲ್ಲಿ ಅದು ಮುಗಿದುಹೋಗಬಹುದು.

ಮೊದಲ ಮಾತ್ರೆಯ ಪ್ರಮಾಣ ಒಂದು ಗ್ರಾಂ. ಹತ್ತು ನಿಮಿಷಗಳಲ್ಲಿ ರಕ್ತನಾಳಕ್ಕೆ ಕೊಡತಕ್ಕದ್ದು. ಮಧ್ಯಮ ಪೆಟ್ಟನ್ನು ವೈದ್ಯರು ಪ್ರಜ್ಞೆಯ ಅಂಕದಿಂದಲೇ ಗುರುತಿಸಬಲ್ಲರು. ಅಂಥವರಿಗಾದರೂ ಮುಂದಕ್ಕೆ ಕಳುಹಿಸುವ ಮೊದಲೇ ತಾಲ್ಲೂಕು ಆಸ್ಪತ್ರೆಯಲ್ಲಿ ಕೊಡಬಹುದೆ ಎಂಬುದನ್ನು ವೈದ್ಯರು ವಿಚಾರಿಸಲಿ. ಅದಕ್ಕೆ ಬೇಕಾದ ಆಧಾರಗಳು ಎರಡು: ಪೆಟ್ಟು ಬಿದ್ದ ವೇಳೆ, ಸೂಜಿ ಚುಚ್ಚಿದ ವೇಳೆ. ಈ ಐದು ತಾಲ್ಲೂಕುಗಳ ಪುಸ್ತಕಗಳಲ್ಲಿ ಇವೆರಡೂ ಅಕ್ಕಪಕ್ಕದಲ್ಲಿ ಬರೆಯಲ್ಪಡಬೇಕು.